ಬೀಗ ನಮ್ಮದು, ಕೀಲಿಕೈ ಯಾರದು?

ಕನ್ನಡದ ಯುವಕ ಯುವತಿಯರೇ,

ಅಂಗಡಿಯ ಬೋರ್ಡು ಕನ್ನಡದಲ್ಲಿದೆಯೇ ಎಂದು ನೋಡುವುದನ್ನು ನಾವು ಕಲಿತಿದ್ದೇವೆ. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲದಿದ್ದರೆ ಮ್ಯಾನೇಜರರ ಮೇಜಿನ ಮುಂದೆ ನಿಂತು ಕೇಳುವುದನ್ನೂ ಕಲಿತಿದ್ದೇವೆ. ಒಳ್ಳೆಯದು. ಆದರೆ ಬೋರ್ಡಿನ ಹಿಂದೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರೊಳಗೆ ಹಸಿರು ದೀಪ ಮಿಣುಕುತ್ತಿರುತ್ತದೆ. ನಿಮ್ಮ ತಂಗಿಯ ಪರೀಕ್ಷೆಯ ಅಂಕ, ತಮ್ಮನ ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಆ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಅದರ ಕೀಲಿಕೈ ಯಾರ ಹತ್ತಿರ ಇದೆ? ಎಂದಾದರೂ ಕೇಳಿದ್ದೀರಾ?

ನಾನು ಕೇಳಿದೆ. ಉತ್ತರ ಕೇಳಿ ತಲೆ ತಗ್ಗಿಸಿದೆ.

ನಮ್ಮ ಸೀಮೆಯ ಒಂದು ಕಾಲೇಜು. ಊರು, ಹೆಸರು ಬೇಡ. ಯಾರನ್ನೂ ಅವಮಾನ ಮಾಡುವುದು ನನ್ನ ಉದ್ದೇಶವಲ್ಲ. ಸ್ನಾತಕೋತ್ತರ ವಿಭಾಗವೊಂದರಲ್ಲಿ ಇಪ್ಪತ್ತು ಕಂಪ್ಯೂಟರುಗಳು. ಗುಮಾಸ್ತರ ಯಂತ್ರ, ಅಧ್ಯಾಪಕರ ಯಂತ್ರ, ವಿದ್ಯಾರ್ಥಿಗಳ ಲ್ಯಾಬು, ಬಾಗಿಲ ಮೇಲಿನ ಸಿಸಿ ಕ್ಯಾಮೆರಾ, ಹೋಗಿಬರುವವರ ಮೊಬೈಲಿಗೂ ಸಿಗುವ ವೈಫೈ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ವೈಫೈ ಪಾಸ್‌ವರ್ಡು ಗೋಡೆಯ ಚೀಟಿಯಲ್ಲಿತ್ತು. ರೂಟರಿನ ಪಾಸ್‌ವರ್ಡು ಕಾರ್ಖಾನೆಯಿಂದ ಬಂದದ್ದೇ, ಯಾರೂ ಬದಲಾಯಿಸಿರಲಿಲ್ಲ. ಗುಮಾಸ್ತರ ಪರದೆಯ ಮೇಲೆ ನಾಲ್ಕು ದಿನದಿಂದ ಒಂದು ಕೆಂಪು ಎಚ್ಚರಿಕೆ ಬರುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಎರಡು ಸೆಮಿಸ್ಟರಿನ ಆಂತರಿಕ ಅಂಕಗಳ ಕಡತ ತೆರೆಯಲಿಲ್ಲ. ತೆರೆಯಬೇಕಾದರೆ ಹಣ ಕೊಡಿ ಎಂಬ ಚೀಟಿ ಮಾತ್ರ ಪರದೆಯಲ್ಲಿತ್ತು. ಬ್ಯಾಕಪ್ಪಿನ ಪೆನ್‌ಡ್ರೈವನ್ನು ಅದೇ ಯಂತ್ರಕ್ಕೆ ಚುಚ್ಚಿಯೇ ಬಿಟ್ಟಿದ್ದರು. ಅದಕ್ಕೂ ಬೀಗ ಬಿದ್ದಿತ್ತು.

"ನಾಲ್ಕು ದಿನದಿಂದ ಎಚ್ಚರಿಕೆ ಬರುತ್ತಿತ್ತಲ್ಲ ಸ್ವಾಮಿ?" ಎಂದು ಕೇಳಿದೆ.

"ಏನೋ ಇಂಗ್ಲೀಷಲ್ಲಿ ಬರ್ತಿತ್ತು ಸಾರ್. ಇಂಥವು ದಿನಾ ಬರ್ತಾವೆ. ಮುಚ್ಚಿ ಮುಚ್ಚಿ ಸಾಕಾಗಿತ್ತು."

ಜಾಲ ನೋಡಿಕೊಳ್ಳುವ ಗುತ್ತಿಗೆದಾರನಿಗೆ ಫೋನು ಹೋಯಿತು. ಮುಖ್ಯ ಪಾಸ್‌ವರ್ಡು ವಿಭಾಗದ ಮುಖ್ಯಸ್ಥರ ಹತ್ತಿರವೂ ಇಲ್ಲ, ಪ್ರಿನ್ಸಿಪಾಲರ ಹತ್ತಿರವೂ ಇಲ್ಲ, ಅವನೊಬ್ಬನ ಹತ್ತಿರ! ಅವನು ದೂರದಿಂದಲೇ ಒಂದು ಮಾತು ಹೇಳಿದ: ಫಾರ್ಮ್ಯಾಟ್ ಮಾಡಿಬಿಡಿ. ಪುಣ್ಯಕ್ಕೆ ಒಬ್ಬ ಹಳೆಯ ಮೇಷ್ಟ್ರು ತಮ್ಮ ಅಂಕಗಳನ್ನು ಕಾಗದದ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಅವರ ವಿಷಯ ಉಳಿಯಿತು. ಉಳಿದ ವಿಷಯಗಳ ಅಂಕವನ್ನು ನೆನಪಿನಿಂದ, ಅಂದಾಜಿನಿಂದ ಮತ್ತೆ ಬರೆದರು.

ಅಂದಾಜಿನಿಂದ! ಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು ಬಂದು ಓದಿದ ಹುಡುಗಿಯ ಎರಡು ವರ್ಷದ ಬೆವರಿಗೆ ಅಂದಾಜಿನ ಅಂಕ!

ಜಾಲಕ್ಕೆ ಭಾಷೆ ಉಂಟೇ?

ಇಷ್ಟು ಹೇಳಿದ ಕೂಡಲೇ ಸೂಟು ಬೂಟಿನ ಪಂಡಿತರು ನಗುತ್ತಾರೆ. "ನೆಟ್‌ವರ್ಕಿಗೆ ಭಾಷೆ ಎಲ್ಲಿದೆ? ಇದರಲ್ಲೂ ಕನ್ನಡವೇ?" ಎಂದು ಮೂಗು ಮುರಿಯುತ್ತಾರೆ.

ಸ್ವಾಮಿ, ತಂತಿಗೆ ಭಾಷೆ ಇಲ್ಲ. ಒಪ್ಪಿದೆವು. ಆದರೆ ತಂತಿಯ ತುದಿಯಲ್ಲಿ ಕುಳಿತ ಮನುಷ್ಯನಿಗೆ ಭಾಷೆ ಇದೆ. ಕಳ್ಳರು ಗೋಡೆ ಒಡೆದು ಬರುವುದಕ್ಕಿಂತ, ಬಾಗಿಲು ತಟ್ಟಿ ನಮ್ಮವರ ಕೈಯಲ್ಲೇ ಬಾಗಿಲು ತೆಗೆಸಿಕೊಂಡು ಬರುವುದೇ ಹೆಚ್ಚು. ಒಂದು ಸುಳ್ಳು ಮಿಂಚಂಚೆ, ಒಂದು ಸುಳ್ಳು ಲಿಂಕು, ಒಂದು ಒತ್ತು. ಆ ಒತ್ತುವ ಬೆರಳು ಗುಮಾಸ್ತರದು, ಅಟೆಂಡರದು, ವಿದ್ಯಾರ್ಥಿಯದು. ಅವರಿಗೆ ಎಚ್ಚರಿಕೆ ಯಾವ ಭಾಷೆಯಲ್ಲಿ ಹೋಗಬೇಕು? ಬೆಂಕಿ ಬಿದ್ದಾಗ "ಬೆಂಕಿ ಬೆಂಕಿ" ಎಂದು ಕೂಗುತ್ತೇವೋ, ಇಂಗ್ಲಿಷ್ ನಿಘಂಟು ಹುಡುಕಿಕೊಂಡು ಬರುತ್ತೇವೋ?

ಭದ್ರತೆಯ ಕೈಪಿಡಿ ಇಂಗ್ಲಿಷಿನಲ್ಲಿ. ತರಬೇತಿ ಇಂಗ್ಲಿಷಿನಲ್ಲಿ. ಗುತ್ತಿಗೆಯ ಕರಾರು ಇಂಗ್ಲಿಷಿನಲ್ಲಿ. ಜಾಲದ ನಕ್ಷೆ ಎಂಬುದೊಂದು ಇದ್ದರೆ ಅದೂ ಇಂಗ್ಲಿಷಿನಲ್ಲಿ, ಗುತ್ತಿಗೆದಾರನ ಲ್ಯಾಪ್‌ಟಾಪಿನಲ್ಲಿ. ಕೊನೆಗೆ ತಪ್ಪು ಮಾತ್ರ ಕನ್ನಡದ ಗುಮಾಸ್ತರದು! ಇದು ಯಾವ ನ್ಯಾಯ?

ಮನೆಯಲ್ಲಿ ತೆಲುಗು ಆಡುವ, ಉರ್ದು ಆಡುವ ಮಕ್ಕಳೂ ನಮ್ಮ ಈ ಗಡಿ ಸೀಮೆಯ ಶಾಲೆಗಳಲ್ಲಿ ಕನ್ನಡ ಕಲಿತು ಕಾಲೇಜಿಗೆ ಬಂದವರು. ಎಲ್ಲರೂ ಕೂಡಿ ಓದುವ ಭಾಷೆ ಕನ್ನಡ. ಅವರೆಲ್ಲರ ಪರವಾಗಿಯೇ ಈ ಮಾತು.

ಹುಳು ಸಾಕುವವರಿಗೆ ಪಾಠ ಬೇಕೆ?

ಜಾಲದ ಭದ್ರತೆ ದೊಡ್ಡ ವಿದ್ಯೆ, ನಮ್ಮ ಜನಕ್ಕೆ ಹತ್ತುವುದಿಲ್ಲ ಎನ್ನುವವರು ಒಮ್ಮೆ ಶಿಡ್ಲಘಟ್ಟಕ್ಕೆ ಬರಲಿ. ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲಿ ನಿಲ್ಲಲಿ. ಚಪ್ಪಲಿ ಹೊರಗೆ. ಕೈಕಾಲು ತೊಳೆದು ಒಳಗೆ. ಕಂಡವರನ್ನೆಲ್ಲ ಒಳಗೆ ಬಿಡುವುದಿಲ್ಲ. ಕಿಟಕಿಗೆ ಊಜಿ ನೊಣ ನುಸುಳದ ಜಾಲರಿ. ಚಾಕಿ ಹುಳು ಬೇರೆ, ದೊಡ್ಡ ಹುಳು ಬೇರೆ. ಒಂದು ತಟ್ಟೆಯಲ್ಲಿ ಸುಣ್ಣಕಟ್ಟು ರೋಗ ಕಂಡರೆ ಸತ್ತ ಹುಳುವನ್ನು ಆರಿಸಿ ತೆಗೆದು ಸುಡುತ್ತಾರೆ, ಪಕ್ಕದ ತಟ್ಟೆಗೆ ಹರಡಲು ಬಿಡುವುದಿಲ್ಲ. ಬೆಳೆ ಮುಗಿದ ಮೇಲೆ ಮನೆಯನ್ನೆಲ್ಲ ಔಷಧಿ ಹೊಡೆದು ತೊಳೆಯುತ್ತಾರೆ.

ಇದೇ ಅಲ್ಲವೇ ಜಾಲದ ಭದ್ರತೆ? ಜಾಲರಿ ಎಂದರೆ ಫೈರ್‌ವಾಲ್. ಬೇರೆ ಬೇರೆ ತಟ್ಟೆ ಎಂದರೆ ಜಾಲದ ವಿಭಜನೆ: ಅಂಕದ ಯಂತ್ರಗಳು ಒಂದು ಕಡೆ, ಲ್ಯಾಬು ಇನ್ನೊಂದು ಕಡೆ, ವೈಫೈ ಮತ್ತೊಂದು ಕಡೆ, ಕ್ಯಾಮೆರಾ ತನ್ನ ಪಾಡಿಗೆ. ಔಷಧಿ ಹೊಡೆಯುವುದು ಎಂದರೆ ತಂತ್ರಾಂಶಕ್ಕೆ ಕಾಲಕಾಲಕ್ಕೆ ತೇಪೆ ಹಾಕುವುದು. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಬಂಗಾಳದಿಂದ ತಂದ ಗೂಡಿನ ಜೊತೆ. ತಂದ ಮಾಲಿನೊಳಗೆ ಅವಿತು ಬರುವ ಶತ್ರು ಹೇಗಿರುತ್ತಾನೆ ಎಂದು ನಮ್ಮ ರೈತರಿಗೆ ಆಗಲೇ ಗೊತ್ತಾಯಿತು. ಕದ್ದ ತಂತ್ರಾಂಶದ ಸಿಡಿಯೊಳಗೆ ಕುಳಿತು ಬರುವ ವೈರಸ್ಸೂ ಅದೇ ಜಾತಿಯದು.

ಚಿಂತಾಮಣಿಯಲ್ಲಿ ರೇಷ್ಮೆಯ ಪದವಿ ಓದಿಸುವ ಕಾಲೇಜೇ ಇದೆ. ಹುಳದ ರೋಗವನ್ನು ಕನ್ನಡದಲ್ಲಿ ರೈತನಿಗೆ ತಿಳಿಸಬಹುದಾದರೆ, ಹಾಲುತೊಂಡೆ, ಸಪ್ಪೆ, ಗಂಟು ಎಂದು ರೋಗಕ್ಕೊಂದು ಹೆಸರು ನಮ್ಮ ಬಾಯಲ್ಲಿ ಇರಬಹುದಾದರೆ, ಕಂಪ್ಯೂಟರಿನ ರೋಗವನ್ನು ಕನ್ನಡದಲ್ಲಿ ತಿಳಿಸಲು ಯಾವ ಅಡ್ಡಿ? ಅಡ್ಡಿ ಭಾಷೆಯದಲ್ಲ. ಮನಸ್ಸಿನದು.

ದೆಹಲಿಗೇ ತಪ್ಪಲಿಲ್ಲ

ಇದೆಲ್ಲ ಹಳ್ಳಿ ಕಾಲೇಜಿನ ಗೋಳು ಎಂದುಕೊಳ್ಳಬೇಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಕಳ್ಳರು ಬೀಗ ಹಾಕಿದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದರಲ್ಲಿ ದಿನಗಟ್ಟಲೆ ಕೈಬರಹದ ಚೀಟಿ ನಡೆಯಿತು. ಕಾರಣವೇನೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು: ಜಾಲವನ್ನು ಸರಿಯಾಗಿ ವಿಭಜಿಸಿರಲಿಲ್ಲ. ಎಲ್ಲ ಹುಳುವೂ ಒಂದೇ ತಟ್ಟೆಯಲ್ಲಿತ್ತು!

2017ರ ಮೇ 12ರಂದು ವನ್ನಾಕ್ರೈ ಎಂಬ ಹುಳು ಜಗತ್ತಿನ ನೂರೈವತ್ತು ದೇಶಗಳಿಗೆ ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಅದಕ್ಕೆ ಮದ್ದು ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಮದ್ದು ಕಪಾಟಿನಲ್ಲಿದ್ದರೆ ರೋಗ ವಾಸಿಯಾಗುತ್ತದೆಯೇ?

ಈಗ ನಮ್ಮ ವಿಭಾಗಗಳ ಕಡೆ ತಿರುಗಿ ನೋಡಿ. ವಿಂಡೋಸ್ 7ಕ್ಕೆ ತೇಪೆ ಬರುವುದು 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ವಿಭಾಗದ ಯಂತ್ರದಲ್ಲಿ ಯಾವುದಿದೆ? ನಾಳೆಯೇ ಹೋಗಿ ನೋಡಿ. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆ ಬಂತು. ಪ್ರವೇಶ, ಪರೀಕ್ಷೆ, ಅಂಕ, ಎಲ್ಲವನ್ನೂ ಒಂದೇ ಬಾಗಿಲಲ್ಲಿ ತರುವುದು ಅದರ ಉದ್ದೇಶ. ಸೌಕರ್ಯವೇನೋ ಸರಿ. ಆದರೆ ಆ ಬಾಗಿಲನ್ನು ವಿಭಾಗದಲ್ಲಿ ಕುಳಿತು ತೆರೆಯುವ ಯಂತ್ರವೇ ಕೊಳೆತಿದ್ದರೆ, ಬೆಂಗಳೂರಿನ ಸರ್ವರಿಗೆ ಎಷ್ಟು ಬೀಗ ಹಾಕಿ ಏನು ಪ್ರಯೋಜನ?

ನಮ್ಮ ನೆಲಕ್ಕೆ ಜಾಲ ಹೊಸದಲ್ಲ

ಗೌರಿಬಿದನೂರಿನ ಹುಡುಗರೇ, ನಿಮ್ಮೂರ ಹೊಲಗಳ ನಡುವೆ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಜಾಲ 1965ರಿಂದ ಇದೆ. ಭೂಮಿಯ ಇನ್ನೊಂದು ಮೂಲೆಯಲ್ಲಿ ನೆಲದಡಿ ಅಣುಬಾಂಬು ಸಿಡಿದರೂ ಇಲ್ಲಿ ಸೂಜಿ ಅಲುಗುತ್ತದೆ. 1976ರಿಂದ ಅದೇ ತಾಲ್ಲೂಕಿನಲ್ಲಿ ಆಕಾಶದ ರೇಡಿಯೋ ಅಲೆ ಕೇಳುವ ದೂರದರ್ಶಕವಿದೆ. ಇಂಟರ್ನೆಟ್ ಎಂಬ ಪದ ನಮ್ಮ ಕಿವಿಗೆ ಬೀಳುವ ಮೊದಲೇ ನಮ್ಮ ನೆಲ ಜಗತ್ತಿನ ಸಂಕೇತಗಳನ್ನು ಹಿಡಿಯುತ್ತಿತ್ತು. ಜಗತ್ತಿನ ಕಂಪನ ಹಿಡಿದ ಊರಿಗೆ ತನ್ನ ಕಾಲೇಜಿನೊಳಗೆ ಕಳ್ಳ ನುಸುಳಿದ್ದು ತಿಳಿಯಬಾರದೇ?

ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವುದಕ್ಕಾಗಿ ನಡೆದೇ ಬೆಂಗಳೂರಿಗೆ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಪ್ರಶ್ನೆ ಕೇಳದೆ ಯಾವುದನ್ನೂ ನಂಬಬೇಡಿ ಎಂದು ಒಂದು ತಲೆಮಾರಿಗೇ ಕಲಿಸಿದರು. ಗುತ್ತಿಗೆದಾರ ಹೇಳಿದ್ದನ್ನು ಪ್ರಶ್ನೆಯಿಲ್ಲದೆ ನಂಬುವ ನಾವು ಅವರ ಸೀಮೆಯವರು ಎಂದು ಹೇಳಿಕೊಳ್ಳಬಹುದೇ?

ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನೀರು ಮಟ್ಟ ಮೀರಿದಾಗ ತಾನೇ ತೆರೆದುಕೊಳ್ಳುವ ಬಾಗಿಲನ್ನು ರೂಪಿಸಿ 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ಹಾಕಿದರು. ಅವರು ದಿವಾನರಾಗಿದ್ದಾಗಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಯಾವ ನೀರು ಬರಬೇಕು, ಎಷ್ಟು ಬರಬೇಕು, ಬಾಗಿಲು ಯಾರ ಹಿಡಿತದಲ್ಲಿರಬೇಕು ಎಂದು ಲೆಕ್ಕ ಹಾಕಿದವರ ಊರು ನಮ್ಮದು. ಇವತ್ತು 2010ರಲ್ಲಿ ಕೇಂದ್ರ ಒಪ್ಪಿದ ರಾಷ್ಟ್ರೀಯ ಜ್ಞಾನ ಜಾಲದಂಥ ದೊಡ್ಡ ಕಾಲುವೆಗಳು ದೇಶದ ವಿದ್ಯಾಸಂಸ್ಥೆಗಳನ್ನು ಬೆಸೆಯುತ್ತಿವೆ. ಕಾಲುವೆ ದೊಡ್ಡದಾದಷ್ಟೂ ತೂಬು ಗಟ್ಟಿಯಿರಬೇಕು. ತೂಬಿಲ್ಲದ ಕೆರೆಗೆ ಕಾಲುವೆ ಬಿಟ್ಟರೆ ಏರಿ ಒಡೆಯುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಮಾಡಿದಾಗ ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. 2017ರಲ್ಲಿ ಅದು ಕೆಲಸ ಶುರುಮಾಡಿತು. ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯ ಬಳಿ ಅದರ ಹೊಸ ಆವರಣಕ್ಕೆ ಜಾಗ ಗೊತ್ತಾಯಿತು. ಹೊಸ ಮನೆ ಕಟ್ಟುವಾಗಲೇ ಕಿಟಕಿಗೆ ಜಾಲರಿ ಹಾಕಬೇಕು, ಹುಳು ಸತ್ತ ಮೇಲಲ್ಲ. ಹೊಸ ವಿಶ್ವವಿದ್ಯಾಲಯಕ್ಕೆ ಹಳೆಯ ಗೋಜಲಿಲ್ಲ. ಪ್ರತಿ ವಿಭಾಗದ ಜಾಲವನ್ನು ಮೊದಲ ದಿನದಿಂದಲೇ ಸರಿಯಾಗಿ ಕಟ್ಟಬಹುದು, ಅದರ ಲೆಕ್ಕವನ್ನು ಕನ್ನಡದಲ್ಲೇ ಬರೆದಿಡಬಹುದು. 2023ರಲ್ಲಿ ಉನ್ನತ ಶಿಕ್ಷಣ ಸಚಿವರಾದ ಡಾ. ಎಂ.ಸಿ. ಸುಧಾಕರ್ ಚಿಂತಾಮಣಿಯಿಂದಲೇ ಗೆದ್ದವರು. ಮನೆಯ ಬಾಗಿಲಲ್ಲೇ ಇರುವ ಈ ಮಾತನ್ನು ಅವರ ಮುಂದಿಡುವುದು ನಮ್ಮ ಹಕ್ಕು.

ನಮ್ಮ ತಪ್ಪೂ ಇದೆ

ಬೇರೆಯವರನ್ನು ಬೈಯುವ ಮುನ್ನ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಕೆಲವು ಕಚೇರಿಗಳಲ್ಲಿ ಹಳೆಯ ಯಂತ್ರವನ್ನು ಬದಲಾಯಿಸದಿರಲು ಕೊಡುವ ನೆಪ ಯಾವುದು ಗೊತ್ತೇ? ಕನ್ನಡ! "ನಮ್ಮ ಕನ್ನಡದ ಕಡತಗಳೆಲ್ಲ ಹಳೆಯ ಅಕ್ಷರಶೈಲಿಯಲ್ಲಿವೆ, ಹೊಸ ಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಗುರುತು ಬರುತ್ತದೆ" ಎನ್ನುತ್ತಾರೆ. ಕನ್ನಡದ ಹೆಸರಿನಲ್ಲಿ ಕಳ್ಳರಿಗೆ ಬಾಗಿಲು!

ಇದು ಸುಳ್ಳು ನೆಪ. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ, ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಬಂದು ಎಷ್ಟೋ ವರ್ಷವಾಯಿತು. ಕೆ.ಪಿ. ರಾವ್ ಅವರು ಕೀಲಿಮಣೆ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶ ಕೊಟ್ಟಿತು. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹ ಕೊಟ್ಟರು. ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಗಳ ಪರದೆಯನ್ನೇ ಕನ್ನಡಕ್ಕೆ ತಿರುಗಿಸಿದವರು ಸಂಬಳವಿಲ್ಲದೆ ದುಡಿದ ನಮ್ಮ ಹುಡುಗರು. ಇಷ್ಟು ಜನ ದಾರಿ ಮಾಡಿಕೊಟ್ಟ ಮೇಲೂ ನಡೆಯದೆ ಕುಳಿತರೆ ತಪ್ಪು ಯಾರದು?

ಇನ್ನೊಂದು ತಪ್ಪು, ಬೆಂಗಳೂರಿಗೆ ರೈಲು ಹತ್ತುವ ಗೆಳೆಯರೇ, ನಿಮ್ಮದು. ಹಗಲೆಲ್ಲ ಯಾರದೋ ಕಂಪನಿಯ ಫೈರ್‌ವಾಲ್ ಕಾಯುತ್ತೀರಿ. ಅಮೆರಿಕದ ಬ್ಯಾಂಕಿನ ಸರ್ವರಿಗೆ ರಾತ್ರಿ ಎರಡು ಗಂಟೆಗೆ ಎದ್ದು ತೇಪೆ ಹಾಕುತ್ತೀರಿ. ನೀವು ಓದಿದ ವಿಭಾಗದ ರೂಟರಿಗೆ ಮಾತ್ರ ಇನ್ನೂ ಕಾರ್ಖಾನೆಯ ಪಾಸ್‌ವರ್ಡು! ವಿದ್ಯೆ ಕೊಟ್ಟ ಮನೆಗೆ ಒಂದು ಭಾನುವಾರ ಕೊಡಲಾರಿರಾ?

ಏನು ಕೇಳಬೇಕು?

ಬರೀ ಘೋಷಣೆ ಕೂಗಿದರೆ ಸಾಲದು. ಲೆಕ್ಕ ಹಾಕಿ ಕೇಳಬೇಕು.

ಒಂದು, ಕೀಲಿಕೈ. ವಿಭಾಗದ ಜಾಲದ ಮುಖ್ಯ ಪಾಸ್‌ವರ್ಡು ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯಸ್ಥರ ಬೀರುವಿನಲ್ಲಿರಬೇಕು. ಗುತ್ತಿಗೆ ಮುಗಿದ ದಿನವೇ ಗುತ್ತಿಗೆದಾರನ ಪ್ರವೇಶವೂ ಮುಗಿಯಬೇಕು.

ಎರಡು, ವಿಭಜನೆ. ಅಂಕ ಮತ್ತು ಕಚೇರಿ, ಅಧ್ಯಾಪಕರು, ಲ್ಯಾಬು, ಅತಿಥಿ ವೈಫೈ, ಕ್ಯಾಮೆರಾ, ಇವೈದೂ ಬೇರೆ ಬೇರೆ ಜಾಲ. ಇದಕ್ಕೆ ಕೋಟಿ ಬೇಕಿಲ್ಲ. ವಿಭಜಿಸಲು ಬರುವ ಒಂದು ಒಳ್ಳೆಯ ಸ್ವಿಚ್ಚು, ಉಚಿತವಾಗಿ ಸಿಗುವ ಮುಕ್ತ ಫೈರ್‌ವಾಲ್ ತಂತ್ರಾಂಶ, ತಿಳಿದ ಒಂದು ತಲೆ ಸಾಕು.

ಮೂರು, ತೇಪೆ. ಬೆಂಬಲ ನಿಂತ ಯಂತ್ರಗಳ ಪಟ್ಟಿ ಮಾಡಿ. ಹೊಸದಕ್ಕೆ ಏರಿಸಿ, ಆಗದಿದ್ದರೆ ಲಿನಕ್ಸ್‌ಗೆ ತನ್ನಿ, ಅದೂ ಆಗದಿದ್ದರೆ ಜಾಲದಿಂದ ಬಿಚ್ಚಿ. ಕನ್ನಡದ ಕಡತಗಳೆಲ್ಲ ಯೂನಿಕೋಡಿಗೆ ಬರಲಿ.

ನಾಲ್ಕು, ಬ್ಯಾಕಪ್ಪು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಸೆಮಿಸ್ಟರಿಗೊಮ್ಮೆ ಅದನ್ನು ವಾಪಸು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪು, ಎಣಿಸದೆ ಗಂಟು ಕಟ್ಟಿದ ದುಡ್ಡು.

ಐದು, ಕನ್ನಡ. ಸುಳ್ಳು ಮಿಂಚಂಚೆ ಗುರುತಿಸುವುದು ಹೇಗೆ, ಅನುಮಾನ ಬಂದರೆ ಯಾವ ತಂತಿ ಕೀಳಬೇಕು, ಯಾರಿಗೆ ಫೋನು ಮಾಡಬೇಕು ಎಂಬ ಒಂದು ಪುಟದ ಕನ್ನಡ ಸೂಚನೆ ಪ್ರತಿ ಯಂತ್ರದ ಪಕ್ಕ ಇರಬೇಕು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಜಾಲದ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. ಇದನ್ನು ಗುಮಾಸ್ತರಿಗೆ ಕನ್ನಡದಲ್ಲಿ ಹೇಳಿದವರು ಯಾರು? ಟೆಂಡರಿನಲ್ಲೇ ಷರತ್ತು ಹಾಕಿ: ಕೈಪಿಡಿ ಕನ್ನಡದಲ್ಲಿ, ತರಬೇತಿ ಕನ್ನಡದಲ್ಲಿ, ಜಾಲದ ನಕ್ಷೆ ವಿಭಾಗದ ವಶದಲ್ಲಿ.

ಆರು, ಮನುಷ್ಯ. ಜಾಲ ನೋಡಿಕೊಳ್ಳಲು ಕಾಯಂ ಹುದ್ದೆ ಬೇಕು. ನಮ್ಮ ಸೀಮೆಯಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿವೆ, ಮುದ್ದೇನಹಳ್ಳಿಯಲ್ಲಿ ವಿಟಿಯು ಕೇಂದ್ರವಿದೆ. ಓದಿದ ಮಕ್ಕಳು ಕೆಲಸವಿಲ್ಲದೆ ಅಲೆಯುತ್ತಿರುವಾಗ ಎಲ್ಲೋ ಕುಳಿತ ಗುತ್ತಿಗೆದಾರ ಫೋನಿನಲ್ಲಿ ಫಾರ್ಮ್ಯಾಟ್ ಮಾಡಿ ಎನ್ನಬೇಕೇ?

ಕಾನೂನೂ ನಮ್ಮ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಒಂದು ಮಾತಿದೆ: ನಿಮ್ಮ ಮಾಹಿತಿಗೆ ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ನಿಮಗಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುವಂತೆ. ಜಾರಿಯಾದ ಮೇಲೆ ಕೇಳೋಣ ಎಂದು ಕೂರಬೇಡಿ. ಈಗಲೇ ಕೇಳಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಪಾಸ್‌ವರ್ಡು, ನಕ್ಷೆ ಕೇಳಬೇಡಿ. ಅವು ಗುಟ್ಟಾಗಿಯೇ ಇರಬೇಕಾದವು. ಇಷ್ಟು ಕೇಳಿ: ವಿಭಾಗದ ಜಾಲದ ನಿರ್ವಹಣೆಗೆ ಕಳೆದ ಮೂರು ವರ್ಷದಲ್ಲಿ ಎಷ್ಟು ಹಣ ಹೋಯಿತು? ಸಿಬ್ಬಂದಿಗೆ ಎಷ್ಟು ಬಾರಿ ತರಬೇತಿ ಕೊಟ್ಟಿರಿ, ಯಾವ ಭಾಷೆಯಲ್ಲಿ? ಬ್ಯಾಕಪ್ಪನ್ನು ತೆರೆದು ನೋಡಿದ ಕೊನೆಯ ದಿನಾಂಕ ಯಾವುದು? ನಾಲ್ಕು ಊರಿನಿಂದ ನಾಲ್ಕು ಅರ್ಜಿ ಹೋಗಲಿ. ಉತ್ತರ ಬಂದರೆ ತಿಳಿವಳಿಕೆ. ಬರದಿದ್ದರೆ ಅದೇ ದೊಡ್ಡ ಉತ್ತರ.

ಒಂದು ಎಚ್ಚರಿಕೆ. ಜಾಲ ಎಷ್ಟು ಸಡಿಲವಿದೆ ಎಂದು ತೋರಿಸಲು ಒಳಗೆ ನುಗ್ಗುವ ಹುಡುಗಾಟ ಬೇಡ. ಅದು ಅಪರಾಧ. ನಮ್ಮ ಹೋರಾಟಕ್ಕೆ ಕಳಂಕ. ಅನುಮತಿ ಪಡೆದು, ಹಗಲು ಹೊತ್ತಿನಲ್ಲಿ, ಮೇಷ್ಟ್ರ ಎದುರಿಗೆ ಕುಳಿತು ಸರಿಮಾಡಿ.

ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಶಾಲೆಯ ಬಾಗಿಲಲ್ಲಿ ಕನ್ನಡಕ್ಕೆ ಮೊದಲ ಜಾಗ ಕೇಳಿದರು. ನಾವು ಶಾಲೆಯೊಳಗಿನ ಯಂತ್ರದ ಬಾಗಿಲಲ್ಲಿ ನಿಂತಿದ್ದೇವೆ. ಆ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಮಿಣುಕುವುದು ನಮ್ಮ ಮಕ್ಕಳ ಅಂಕ, ನಮ್ಮ ಮಕ್ಕಳ ಹೆಸರು, ನಮ್ಮ ಮಕ್ಕಳ ನಾಳೆ. ಅರ್ಥವಾಗದ ಬೀಗವನ್ನು ಯಾರೂ ಕಾಯಲಾರರು. ಅರ್ಥವಾಗಬೇಕಾದರೆ ಅದು ನಮ್ಮ ಭಾಷೆಯಲ್ಲಿರಬೇಕು.

ಮುಂದಿನ ಸೋಮವಾರ ನಿಮ್ಮ ವಿಭಾಗಕ್ಕೆ ಹೋಗಿ. ಜಗಳ ಬೇಡ. ನಮಸ್ಕಾರ ಮಾಡಿ ಒಂದೇ ಪ್ರಶ್ನೆ ಕೇಳಿ:

"ಸಾರ್, ಕೀಲಿಕೈ ಎಲ್ಲಿದೆ?"

ಸಿರಿಗನ್ನಡಂ ಗೆಲ್ಗೆ!